ಕಾಯುವ ಡಬ್ಬಿಯಿಂದ ಎದ್ದುಹೋದ ಎರಡು ಪದ

ಚೈತ್ರ ನಿಬ್ಬುಗಳನ್ನು ಒಂದೊಂದಾಗಿ ಬಿಸಿನೀರಿನ ಬಟ್ಟಲಿಗೆ ಇಳಿಸುತ್ತಿದ್ದಳು. ಒಣಗಿದ ಶಾಯಿ ನೂಲಿನಂತೆ ಎದ್ದು ನೀರಿನಲ್ಲಿ ಕರಗುತ್ತಿತ್ತು. ಹಳೇ ಪಂಚೆಯ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿದು ಸೀಳು ಸರಿಯಿದೆಯೇ ಎಂದು ನೋಡಿ, ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಆರನೆಯದು ಮುಗಿದು ಏಳನೆಯದಕ್ಕೆ ಕೈ ಹಾಕಿದರೂ ನಡುಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮರಿಯಯ್ಯ ಮೇಷ್ಟ್ರು ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿರಲಿಲ್ಲ, ಬೆರಳುಗಳು ಕುರ್ಚಿಯ ಕೈಯನ್ನು ಸವರುತ್ತಲೇ ಇದ್ದವು. ಎದುರಿನ ಬೆಂಚಿನ ಮೇಲೆ ಹೆಡ್ ಕಾನ್‌ಸ್ಟೇಬಲ್ ಹೊನ್ನಪ್ಪ, ಬೂಟನ್ನು ಬಾಗಿಲ ಹೊರಗೆ ಬಿಟ್ಟು, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಪುಟ್ಟಗೌರಮ್ಮ ರಾಗಿ ಕೇರುವ ಸದ್ದು ಮಾತ್ರ ಕೇಳುತ್ತಿತ್ತು.

ಕೆರೆಯ ಕೆಳಗಿನ ಮೋರಿಯೊಳಗೆ ಹೂಳು ತೆಗೆಯುತ್ತಿದ್ದ ಕುಳ್ಳಯ್ಯ, ನೀರು ನುಗ್ಗಿ ಸತ್ತು ಅಂದಿಗೆ ಹನ್ನೊಂದು ದಿನ. ಬೇಕೆಂದೇ ಕೆರೆಯ ತೂಬು ಎತ್ತಿ ಕೊಂದನೆಂದು ಹಿಡಿದೊಯ್ದದ್ದು, ಹೊಲಗದ್ದೆಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಮಂಚಯ್ಯನನ್ನು. ಮಂಚಯ್ಯ ಚೈತ್ರಳ ಅಪ್ಪ.

"ಸೋಮವಾರ ಚಾರ್ಜ್‌ಶೀಟು ಆಯ್ತದೆ ಮೇಷ್ಟ್ರೆ," ಹೊನ್ನಪ್ಪ ಕೊನೆಗೆ ಬಾಯಿ ಬಿಟ್ಟ. "ಶ್ರೀರಂಗಪಟ್ಟಣದ ಕೋರ್ಟಿಗೆ ಕರ್ಕೊಂಡೋಗ್ತಾರೆ. ಆಮೇಲೆ ನಾನಾಗ್ಲಿ ನೀವಾಗ್ಲಿ ಏನೂ ಮಾಡಂಗಿಲ್ಲ."

"ನನ್ನನ್ನು ಕೇಳಿ ಏನು ಪ್ರಯೋಜನ, ಹೊನ್ನಪ್ಪ?"

"ಕೆರೆ ಏರಿ ಬುಡದಲ್ಲಿರೋದು ನಿಮ್ಮನೆ ಒಂದೇಯ. ಇನ್ನ್ಯಾರ್ನ ಕೇಳ್ಲಿ, ಕೊಕ್ಕರೆಗಳ್ನಾ?"

ಮೇಷ್ಟ್ರು ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದರು. ಹೊನ್ನಪ್ಪನಿಗೆ ಅವರಲ್ಲಿ ಸಲಿಗೆಯಿತ್ತು. ನಾಗಮಂಗಲದಲ್ಲಿ ಅವರ ಕ್ಲಾಸಿನಲ್ಲಿ ಕೂತು, ಮೂರು ಸಲ ಎಸ್ಸೆಲ್ಸಿ ಕಟ್ಟಿ, ಮೂರು ಸಲವೂ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದು ಪೊಲೀಸಿಗೆ ಸೇರಿದವನು. ಎರಡು ವರ್ಷದ ಹಿಂದೆ ಮೇಷ್ಟ್ರು ಅವನ ಬೂಟಿನ ದಾರದ ತುದಿಯ ಪ್ಲಾಸ್ಟಿಕ್ ಕವಚವನ್ನು ತೋರಿಸಿ, ಇದಕ್ಕೆ ಇಂಗ್ಲಿಷಿನಲ್ಲಿ ಏಗ್ಲೆಟ್ ಎನ್ನುತ್ತಾರೆ ಎಂದು ಹೇಳಿದ್ದರು. "ಇಪ್ಪತ್ತಾರು ವರ್ಸದಿಂದ ಕಟ್ತಾವ್ನಿ, ಇದ್ಕೂ ಒಂದೆಸ್ರು ಐತೆ ಅಂತ ಗೊತ್ತೇ ಇರ್ಲಿಲ್ಲ," ಎಂದು ಅವನು ಠಾಣೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

"ಅವತ್ತು ಮದ್ಯಾನ ನೀವು ಎಲ್ಲಿದ್ರಿ?"

"ಬರೆಯುತ್ತಿದ್ದೆ. ಹಿಂದೆಯೂ ಹೇಳಿದ್ದೇನೆ."

"ಏನ್ ಬರುದ್ರಿ ಅಂತ ತೋರ್ಸಿ."

ಕುರ್ಚಿಯ ಕೈ ಸವರುತ್ತಿದ್ದ ಬೆರಳು ನಿಂತಿತು.

"ಅವತ್ತು ಏನೂ ಆಗಲಿಲ್ಲ. ಬರಿದೇ ಕೂತಿದ್ದೆ."

ಬರೆಯುತ್ತಿದ್ದೆ ಅಂದವರು ಬರಿದೇ ಕೂತಿದ್ದೆ ಅಂದರು. ಚೈತ್ರ ಏಳನೆಯ ನಿಬ್ಬನ್ನು ಒರೆಸದೆ ಹಾಗೇ ಹಿಡಿದುಕೊಂಡಳು.

ಹೊನ್ನಪ್ಪ ಅವಳ ಕಡೆ ತಿರುಗಿದ. "ಬಾ ಮಗಾ ಇಲ್ಲಿ. ಈ ಕೆಲ್ಸ ಯೆಂಗೆ ನಡೀತದೆ ಅಂತ ನಂಗೊಸಿ ಯೋಳು. ನಂಗೆ ತಿಳೀದು."

ಚೈತ್ರ ಸೆರಗಿಗೆ ಕೈ ಒರೆಸಿಕೊಂಡು ಬಂದು ಗೋಡೆಗೆ ಒರಗಿ ನಿಂತಳು. ಎಂಟನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳು. ಇಂಗ್ಲಿಷಿನ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಆದರೆ ಅವಳ ಕೈಬರಹ ಅಚ್ಚಿನ ಹಾಗಿತ್ತು. ನಾಲ್ಕು ವರ್ಷದ ಹಿಂದೆ ಮೇಷ್ಟ್ರು ಅವಳನ್ನು ಕರೆಸಿ, ನಡುಮನೆಯಲ್ಲೇ ಅವಳಿಗೊಂದು ಮೇಜು ಹಾಕಿಸಿದ್ದರು. ನೀರುಗಂಟಿಯ ಮಗಳನ್ನು ನಡುಮನೆಗೆ ಬಿಟ್ಟುಕೊಂಡರೆಂದು ಊರು ಎರಡು ತಿಂಗಳು ಮಾತಾಡಿ ಸುಮ್ಮನಾಗಿತ್ತು. ಅಪ್ಪ ಮಾತ್ರ ಸುಮ್ಮನಾಗಿರಲಿಲ್ಲ. ಕಂಡಕಂಡವರಿಗೆಲ್ಲ ಹೇಳುತ್ತಿದ್ದ, ನನ್ ಮಗಳ ಅಕ್ಸರ ಪುಸ್ತಕ ಆಯ್ತದೆ ಅಂತ.

"ಮೇಷ್ಟ್ರು ಯಾರಿಗೂ ಗೊತ್ತಿಲ್ಲದ ಇಂಗ್ಲಿಷು ಪದ ಉಡುಕ್ತಾರೆ ಸಾ," ಅವಳು ನೆಲ ನೋಡುತ್ತ ಹೇಳಿದಳು. "ಬರೀ ನಾಮಪದಗಳು. ಒಂದೊಂದ್ ಪದಕ್ಕೆ ಒಂದೊಂದ್ ಚೀಟಿ. ಮೇಲೆ ಪದ, ಕೆಳ್ಗೆ ಅರ್ಥ, ಅದರ ಕೆಳ್ಗೆ ಬಳಕೆ. ಬಳಕೆ ಅಂದ್ರೆ ಆ ಪದ ಇಟ್ಟು ಮಾಡಿದ ವಾಕ್ಯ. ಇಂಗ್ಲಿಷಲ್ಲೂ ಕನ್ನಡದಲ್ಲೂ. ಅದ್ನ ನಾನು ಪುಸ್ತಕಕ್ಕೆ ತೆಗೀತೀನಿ."

"ವಾಕ್ಯ ಅವ್ರೇ ಕಟ್ತಾರಾ?"

"ಕಟ್ಟಲ್ಲ. ಕಂಡಿದ್ನ ಬರೀತಾರೆ."

"ಅಂಗಂದ್ರೆ?"

ಚೈತ್ರ ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ಅವರು ಕಣ್ಣು ತೆರೆದಿದ್ದರು, ಆದರೆ ಅವಳನ್ನು ನೋಡುತ್ತಿರಲಿಲ್ಲ.

"ಕಣ್ಣಾರೆ ಕಾಣ್ದೆ ಇರೋದ್ನ ಬರೀಬಾರ್ದು ಅಂತ ಅವರ ನೇಮ. ಪೆನಂಬ್ರಾ ಅಂತ ಒಂದ್ ಪದ. ಅರೆನೆರಳು ಅಂತ. ಅದ್ಕೆ ಹನ್ನೊಂದು ವರ್ಸ ಕಾದ್ರು. ಓದ್ ವರ್ಸ ದೀಪಾವಳೀಲಿ ಗ್ರಹಣ ಬಂತಲ್ಲ, ಎಲ್ರೂ ಬಾಗ್ಲಾಕ್ಕೊಂಡು ಒಳಗಿದ್ರು, ಇವ್ರೊಬ್ರೇ ಅಂಗಳದಲ್ಲಿ ಬಿಳೀ ಪಂಚೆ ಹಾಸ್ಕಂಡು ಕುಂತಿದ್ರು. ಸ್ಕ್ರೀ ಅಂತ ಇನ್ನೊಂದು. ಬೆಟ್ಟದಿಂದ ಉದುರಿ ಬುಡದಲ್ಲಿ ಬಿದ್ದಿರೋ ಕಲ್ಚೂರು. ಅದ್ಕೆ ಆದಿಚುಂಚನಗಿರಿಗೆ ಓಗಿ ಬೆಟ್ಟದ ಹಿಂದ್ಗಡೆ ಇಡೀ ದಿವ್ಸ ಸುತ್ತುದ್ರು."

"ದೇವ್ರ ನೋಡ್ನಿಲ್ವಾ?"

"ಟೈಮಾಗ್ಲಿಲ್ಲ ಅಂದ್ರು."

ಹೊನ್ನಪ್ಪನ ಮೀಸೆಯಡಿ ನಗು ಬಂದು ಹೋಯಿತು. "ಸರಿ. ಇನ್ನೂ ಕಾಣ್ದೆ ಇರೋ ಪದಗಳ್ನ ಏನ್ಮಾಡ್ತಾರೆ?"

ಈ ಪ್ರಶ್ನೆ ಬರಬಾರದೆಂದು ಚೈತ್ರ ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದಳು. ಬಂದರೆ ಸಾಕೆಂದೂ ಅಂದುಕೊಳ್ಳುತ್ತಿದ್ದಳು.

"ಕಾಯೋ ಡಬ್ಬೀಲಿ ಮಡಗ್ತಾರೆ."

ಗೂಡಿನಲ್ಲಿ ಮೂರು ಬಿಸ್ಕತ್ ಡಬ್ಬಿಗಳಿದ್ದವು. ಎರಡು ದೊಡ್ಡವು, ಮುಗಿದ ಚೀಟಿಗಳಿಗೆ. ಒಂದು ಚಿಕ್ಕದು, ಮುಚ್ಚಳದ ಮೇಲೆ ತುಕ್ಕು ಹಿಡಿದದ್ದು. ಅದರೊಳಗಿನ ಪದಗಳಿಗೆ ಅರ್ಥವಿತ್ತು, ಬಳಕೆಯಿರಲಿಲ್ಲ. ಕಡಲಲ್ಲಿ ತೇಲುವ ಮಂಜುಗಡ್ಡೆಯ ಚಪ್ಪಡಿಗೆ ಫ್ಲೋ ಎನ್ನುತ್ತಾರಂತೆ. ಆ ಚೀಟಿ ಡಬ್ಬಿಯಲ್ಲಿ ಹದಿನೈದು ವರ್ಷದಿಂದಿತ್ತು. ಪಾಂಡವಪುರದಲ್ಲಿ ಕೂತು ಅದನ್ನು ಕಾಣುವುದು ಹೇಗೆ? ಆದರೂ ಮೇಷ್ಟ್ರು ಅದನ್ನು ಎಸೆದಿರಲಿಲ್ಲ.

"ಡಬ್ಬಿಯಿಂದ ಚೀಟಿ ಯಾವಾಗ ಈಚಿಗೆ ಬತ್ತದೆ?"

"ಮೇಷ್ಟ್ರು ಆ ವಸ್ತೂನ ಕಂಡಾಗ."

"ಬೇರೆ ಯಾತುಕ್ಕೂ ತೆಗ್ಯಾಕಿಲ್ವಾ?"

"ಇಲ್ಲ ಸಾ."

"ಡಬ್ಬೀಲಿ ಎಷ್ಟು ಚೀಟಿ ಇರ್ಬೇಕು?"

"ನಲವತ್ಮೂರು. ಯುಗಾದಿಲಿ ಪಟ್ಟಿ ಮಾಡಿದ್ದೆ."

"ಎಣಸು."

ಅವಳು ಅಲ್ಲಾಡಲಿಲ್ಲ.

"ಎಣಸವ್ವ."

"ಎಣಿಸಿದೀನಿ ಸಾ," ಚೈತ್ರ ಹೇಳಿದಳು. "ಮಂಗಳವಾರ ಧೂಳು ಒಡೆಯೋವಾಗ ಎಣಿಸ್ದೆ. ನಲವತ್ತೊಂದೇ ಇರೋದು. ಎಲ್ಡು ಇಲ್ಲ."

ಮಂಗಳವಾರ ಎಣಿಸಿ, ಬುಧವಾರ ಅವಳು ಅಪ್ಪನನ್ನು ನೋಡಲು ಹೋಗಿದ್ದಳು. ಕಂಬಿಯ ಆಚೆ ನಿಂತು ಅವನು ಕೇಳಿದ್ದು ಒಂದೇ ಮಾತು. "ಬರೀತಾ ಇದೀಯೇನವ್ವ? ನಿಲ್ಲುಸ್ಬ್ಯಾಡ." ಅವಳು ಹೂಂ ಅಂದು ಬಂದಿದ್ದಳು. ಎರಡು ಚೀಟಿಯ ಮಾತನ್ನು ಅವನಿಗೂ ಹೇಳಲಿಲ್ಲ, ಅವ್ವ ಸಿದ್ದಲಿಂಗಮ್ಮನಿಗೂ ಹೇಳಲಿಲ್ಲ. ಹೇಳಿದರೆ ಮೇಷ್ಟ್ರ ಹೆಸರು ಬರುತ್ತದೆ, ಮೇಷ್ಟ್ರ ಹೆಸರು ಬಂದರೆ ಮೇಜು ಹೋಗುತ್ತದೆ ಎಂದು ಒಂದು ಕ್ಷಣ ಅನ್ನಿಸಿತ್ತು. ಒಂದೇ ಕ್ಷಣ. ಆದರೆ ಆ ಒಂದು ಕ್ಷಣಕ್ಕೆ ಅಪ್ಪ ನಾಲ್ಕು ದಿನ ಹೆಚ್ಚು ಒಳಗಿದ್ದ.

"ಯಾವ ಪದಗಳು?"

"ಫ್ರೆಷೆಟ್ ಅಂತ ಒಂದು. ವಿಂಡ್ಲಾಸ್ ಅಂತ ಒಂದು."

"ಅರ್ಥ?"

"ಮೊದಲ್ನೇದು ಹೊಸನೀರು ಸಾ. ಒಣಗಿರೋ ಕಡೆ ಇದ್ದಕ್ಕಿದ್ದಂಗೆ ನುಗ್ಗೋ ನೀರು."

ಹೊನ್ನಪ್ಪ ಮೇಷ್ಟ್ರ ಕಡೆ ನೋಡಿದ. ದನಿ ಏರಿಸಲಿಲ್ಲ.

"ಮೇಷ್ಟ್ರೆ, ಯುಗಾದಿಯಿಂದ ಇತ್ಲಾಗೆ ಒಂದ್ ಹನಿ ಮಳೆ ಬಿದ್ದಿಲ್ಲ. ಹೊಸನೀರ ಎಲ್ಲಿ ಕಂಡ್ರಿ?"

ಅಡುಗೆಮನೆಯಲ್ಲಿ ಮೊರದ ಸದ್ದು ನಿಂತಿತು.

ಮೇಷ್ಟ್ರು ನಿಧಾನವಾಗಿ ಅಂಗಿಯ ಜೇಬಿಗೆ ಕೈ ಹಾಕಿದರು. ಎರಡು ಚೀಟಿ ಹೊರಬಂದವು. ಹನ್ನೊಂದು ದಿನ ಎದೆಯ ಮೇಲೇ ಇಟ್ಟುಕೊಂಡಿದ್ದರೆಂದು ಕಾಣುತ್ತದೆ, ಬೆವರಿಗೆ ಅಂಚು ಮೆತ್ತಗಾಗಿ ಸುರುಟಿಕೊಂಡಿತ್ತು.

"ಓದಮ್ಮ," ಎಂದು ಚೈತ್ರಳಿಗೆ ಕೊಟ್ಟರು. "ಕನ್ನಡದ್ದು ಮಾತ್ರ ಓದು."

ಅವಳು ಓದಿದಳು.

"ಫ್ರೆಷೆಟ್. ನಾಮಪದ. ಮಳೆಯಿಂದಾಗಲಿ ಹಿಮ ಕರಗಿದ್ದರಿಂದಾಗಲಿ ಹೊಳೆ ತೊರೆಗಳಲ್ಲಿ ಹಠಾತ್ತನೆ ಬರುವ ಹೊಸನೀರು. ಬಳಕೆ: ಒಣಗಿದ ಕಾಲುವೆಯಲ್ಲಿ ಹೊಸನೀರು ತರಗೆಲೆಗಳನ್ನೂ ಒಂದು ಖಾಲಿ ಬೆಂಕಿಪೊಟ್ಟಣವನ್ನೂ ಮುಂದೆ ತಳ್ಳಿಕೊಂಡು ಬಂದಿತು, ಜೊತೆಯಲ್ಲಿ ನಡೆದೆ, ಜೋಡಿ ಹೊಂಗೆಮರದ ಬುಡದಲ್ಲಿ ಅದು ಇಂಗಿಹೋಯಿತು. ಹದಿನಾಲ್ಕು ಐದು ತೊಂಬತ್ತಾರು."

ಕುಳ್ಳಯ್ಯ ಸತ್ತ ದಿನ.

"ಮಂಚಯ್ಯನ್ನ ನಾನೇ ಕೇಳಿದೆ," ಮೇಷ್ಟ್ರು ಹೇಳಿದರು. "ಎರಡೇ ನಿಮಿಷ ತೂಬು ಎತ್ತು, ನೀರಿನ ತಲೆ ಬರುವುದನ್ನು ನೋಡಬೇಕು ಅಂದೆ. ಹಿಂದೂಮುಂದೂ ನೋಡದೆ ಎತ್ತಿದ. ಎರಡು ನಿಮಿಷಕ್ಕೆ ಸರಿಯಾಗಿ ಇಳಿಸಿದ. ಬೇರೆ ಯಾರು ಕೇಳಿದ್ದರೂ ಎತ್ತುತ್ತಿರಲಿಲ್ಲ."

"ಈ ಬುದ್ದಿ ಯೆಂಗ್ ಬಂತು ನಿಮ್ಗೆ?"

"ಹಾಗೇ ಹೊಳೆಯಿತು."

"ಇಲ್ಲ ಸಾ," ಚೈತ್ರ ಅಂದಳು. "ನಾನ್ ಯೋಳಿದ್ದು. ಮಳೆಗಾಲದ ತನಕ ಯಾಕ್ ಕಾಯ್ತೀರಿ, ನಮ್ಮಪ್ಪನ್ನ ಕೇಳಿ, ತೂಬೆತ್ತಿದ್ರೆ ಹೊಸನೀರು ಬತ್ತದೆ ಅಂತ. ನಾನೇ ಅಂದಿದ್ದು."

ಮೇಷ್ಟ್ರು ಅವಳನ್ನು ತಡೆಯುವವರಂತೆ ಕೈಯೆತ್ತಿದರು. ಆ ಕೈ ಅರ್ಧಕ್ಕೇ ಇಳಿಯಿತು. ಅವಳ ಹೆಸರನ್ನು ಮುಚ್ಚಿಡಲು ಹೊರಟಿದ್ದ ಮನುಷ್ಯ ಅವಳ ಅಪ್ಪನನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎರಡನ್ನೂ ಒಟ್ಟಿಗೆ ಯೋಚಿಸಲು ಚೈತ್ರಳಿಗೆ ಆಗಲಿಲ್ಲ.

ಹೊನ್ನಪ್ಪ ಟೋಪಿಯ ಅಂಚು ತಿರುಗಿಸುತ್ತ ಕೇಳಿದ. "ಜೋಡಿ ಹೊಂಗೆಮರ ತೂಬಿನಿಂದ ಎಷ್ಟು ದೂರ ಐತೆ?"

"ಒಂದು ಫರ್ಲಾಂಗು," ಅಂದರು ಮೇಷ್ಟ್ರು.

"ಮೋರಿ?"

"ಅಲ್ಲಿಂದ ಕೆಳಕ್ಕೆ ಅರ್ಧ ಮೈಲಿ."

"ಇಂಗಿಹೋದ್ ನೀರು ಅರ್ಧ ಮೈಲಿ ಎದ್ದೋಗಿ ಕುಳ್ಳಯ್ಯನ್ನ ಯೆಂಗ್ ಕೊಲ್ತು?"

ಚೈತ್ರ ತಲೆಯೆತ್ತಿದಳು. ಇಷ್ಟು ದಿನ ಅವಳು ಲೆಕ್ಕ ಹಾಕಿದ್ದು ಡಬ್ಬಿಯೊಳಗಿನ ಚೀಟಿಗಳನ್ನು ಮಾತ್ರ. ನೀರು ಎಲ್ಲಿಯವರೆಗೆ ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಎತ್ತಿದ ನೀರೇ ಕುಳ್ಳಯ್ಯನನ್ನು ಕೊಂದಿತು, ಆ ನೀರನ್ನು ಕೇಳಿದವಳು ನಾನು ಎಂದೇ ಮಂಗಳವಾರದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಆ ನೀರು ಕೊಲ್ಲಲಿಲ್ಲ," ಮೇಷ್ಟ್ರು ಹೇಳಿದರು. "ಅದು ನನಗೆ ಆ ದಿನವೇ ಗೊತ್ತಿತ್ತು."

"ಗೊತ್ತಿದ್ದೂ ಸುಮ್ಕಿದ್ರಿ."

"ಸುಮ್ಮನಿದ್ದೆ."

"ಮಂಚಯ್ಯ ಇಂದ್ಲ ದಿನ ಟೀ ಅಂಗ್ಡಿ ಮುಂದೆ ಮೇಕೆ ಜಗಳದಲ್ಲಿ, ನಿನ್ನ ನೋಡ್ಕತೀನಿ ಕಣ್ಲಾ ಕುಳ್ಳ ಅಂದಿದ್ದ. ಮದ್ಯಾನ ಎರಡ್ ಗಂಟೇಲಿ ತೂಬಿನ ಮೇಲೆ ಹಿಡಿ ತಿರುಗುಸ್ತಾ ನಿಂತಿದ್ದ. ಆರ್ ಜನ ಕಂಡವ್ರೆ. ಸಾಹೇಬ್ರಿಗೆ ಅಷ್ಟೇ ಸಾಕು. ಅವನೂ ಬಾಯ್ ಬುಡಾಕಿಲ್ಲ. ಯಾಕ್ಲಾ ಎತ್ತಿದೆ ಅಂದ್ರೆ ಗೋಡೆ ನೋಡ್ತಾನೆ." ಹೊನ್ನಪ್ಪ ಮುಂದಕ್ಕೆ ಬಾಗಿದ. "ಎಲ್ಡನೇ ಚೀಟಿ ಓದವ್ವ."

ಚೈತ್ರ ಇನ್ನೊಂದನ್ನು ಬಿಡಿಸಿದಳು.

"ವಿಂಡ್ಲಾಸ್. ನಾಮಪದ. ಭಾರ ಎತ್ತಲು ತಿರುಗಿಸುವ ರಾಟೆ. ಇಂಗ್ಲೆಂಡಿನ ಕಾಲುವೆಗಳಲ್ಲಿ, ತೂಬಿನ ಹಲಗೆಯನ್ನು ಎತ್ತಲು ಇಳಿಸಲು ಬಳಸುವ, ಕಳಚಿ ಒಯ್ಯಬಹುದಾದ ಕಬ್ಬಿಣದ ಹಿಡಿ. ಬಳಕೆ..."

ಅವಳು ನಿಲ್ಲಿಸಿದಳು.

"ಬಳಕೆ?"

"ಖಾಲಿ ಸಾ. ತಾರೀಕು ಐತೆ, ಅದೇ ದಿನದ್ದು. ವಾಕ್ಯ ಇಲ್ಲ."

ಹೊನ್ನಪ್ಪ ಚೀಟಿಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಓದಲು ಅದರಲ್ಲೇನೂ ಇರಲಿಲ್ಲ. ಆದರೂ ಆ ಬಿಳೀ ಜಾಗವನ್ನೇ ಬಹಳ ಹೊತ್ತು ನೋಡಿದ.

ನೀರುಗಂಟಿಯ ಹಿಡಿ ಎಂದರೆ ಏನೆಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮೊಳದುದ್ದದ ಕಬ್ಬಿಣ, ತುದಿಯಲ್ಲಿ ಚೌಕದ ತೂತು. ಅದಿಲ್ಲದೆ ತೂಬಿನ ತಿರುಪು ಅಲ್ಲಾಡುವುದಿಲ್ಲ. ಮಂಚಯ್ಯ ಮಲಗುವಾಗ ಅದನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಮದುವೆ ಮನೆಗೂ ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಹೋಗುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡಿದ್ದ. ಹಿಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟ ನೀರುಗಂಟಿ, ನೀರುಗಂಟಿಯೇ ಅಲ್ಲ.

"ಹಿಡಿ ಇಸ್ಕಂಡ್ರಾ?" ಹೊನ್ನಪ್ಪ ಕೇಳಿದ.

"ಇಸಕೊಂಡೆ." ಮೇಷ್ಟ್ರ ದನಿ ಕೆಳಗಿಳಿಯಿತು. "ಒಂದು ಪದ ಸಿಕ್ಕಿತ್ತಲ್ಲ. ಅಷ್ಟಕ್ಕೆ ಬಿಡಬಹುದಿತ್ತು. ಆ ಹಿಡಿ ನೋಡಿದೆ. ಇಪ್ಪತ್ತು ವರ್ಷದಿಂದ ಅವನ ಹೆಗಲ ಮೇಲೆ ನೋಡುತ್ತಿದ್ದೇನೆ, ವಿಂಡ್ಲಾಸ್ ಅಂದರೆ ಇದೇ ಅಂತ ಅವತ್ತೇ ಹೊಳೆದದ್ದು. ಒಂದೇ ದಿನ ಎರಡು ಪದ. ಸ್ವಲ್ಪ ಕೊಡು ಮಂಚಯ್ಯ, ಅಳತೆ ತೆಗೆದುಕೊಂಡು ಕೊಡುತ್ತೇನೆ ಅಂದೆ. ಅವನು ಕೊಡಲಿಲ್ಲ. ಮತ್ತೆ ಕೇಳಿದೆ."

"ಮತ್ತೆ?"

"ನಿನ್ನ ಮಗಳ ಅಕ್ಷರದಲ್ಲಿ ಇದೂ ಪುಸ್ತಕಕ್ಕೆ ಬರುತ್ತದೆ ಅಂದೆ."

ಹೊನ್ನಪ್ಪ ಒಮ್ಮೆ ಚೈತ್ರಳ ಮೇಜಿನ ಕಡೆ ನೋಡಿದ.

"ಕೊಟ್ಟ. ಊಟ ಮಾಡಿ ಬಂದು ಇಸಕೋತೀನಿ ಅಂತ ಹೋದ. ನಾನು ಅದನ್ನು ತಂದು ಆ ಬಾಗಿಲ ಹಿಂದೆ ಒರಗಿಸಿದೆ. ಮೈಯೆಲ್ಲ ಕೆಸರಾಗಿತ್ತು, ಬಚ್ಚಲಿಗೆ ಹೋದೆ. ಬಂದು ಚೀಟಿ ತೆಗೆದು, ಅಳತೆಪಟ್ಟಿ ಹಿಡಿದುಕೊಂಡು ಬಾಗಿಲ ಹತ್ತಿರ ಹೋದರೆ ಹಿಡಿ ಇರಲಿಲ್ಲ."

"ಮಂಚಯ್ಯ ಬಂದು ತಕ್ಕೊಂಡೋಗವ್ನೆ ಅಂದ್ಕೊಂಡ್ರಾ?"

"ಹಾಗೇ ಅಂದುಕೊಂಡೆ. ಅರ್ಧ ಗಂಟೆಗೆ ಕೂಗು ಕೇಳಿಸಿತು."

ಹೊನ್ನಪ್ಪ ಎದ್ದು ನಿಂತ. ಕಾಲುಚೀಲದಲ್ಲೇ ಬಾಗಿಲವರೆಗೆ ನಡೆದು ಹಿಂದೆ ಇಣುಕಿ ನೋಡಿದ. ಅಲ್ಲಿ ಒಂದು ಕೊಡೆ ಮತ್ತು ಗೋಡೆಯ ಮೇಲೆ ತುಕ್ಕಿನ ಗೀರು ಮಾತ್ರ ಇದ್ದವು.

"ಊಟ ಮಾಡಿ ಮಂಚಯ್ಯ ಏರಿ ಮೇಲೆ ಬತ್ತಾವ್ನೆ," ಅವನು ತನಗೇ ಹೇಳಿಕೊಳ್ಳುವಂತೆ ಹೇಳಿದ. "ನೋಡುದ್ರೆ ತೂಬು ಪೂರ್ತಿ ಎತ್ತೈತೆ. ಹಿಡಿ ಅದ್ರಲ್ಲೇ ಸಿಕ್ಕಾಕ್ಕೊಂಡೈತೆ. ಓಡೋಗಿ ಇಳುಸ್ತಾನೆ. ಇಳುಸ್ತಿರೋದ್ನ ಆರ್ ಜನ ಕಂಡು, ಎತ್ತುತಾವ್ನೆ ಅಂದ್ಕತ್ತಾರೆ." ಅವನು ತಿರುಗಿದ. "ಆ ಹಿಡಿ ಕೊನೇಲಿ ಅವ್ನು ಕಂಡಿದ್ದು ಯಾರ್ ಕೈಲಿ ಮೇಷ್ಟ್ರೆ?"

ಮೇಷ್ಟ್ರು ಮುಖ ಮುಚ್ಚಿಕೊಂಡರು.

ಚೈತ್ರಳಿಗೆ ಆಗ ಅಪ್ಪನ ಮೌನ ಅರ್ಥವಾಯಿತು. ಪದದ ಆಸೆಗೆ ಮೇಷ್ಟ್ರೇ ಇನ್ನೊಂದು ಸಲ ಎತ್ತಿದರೆಂದು ಅವನು ತಿಳಿದಿದ್ದ. ಅವರ ಹೆಸರು ಹೇಳಬಾರದೆಂದು ಗೋಡೆ ನೋಡುತ್ತ ಕೂತಿದ್ದ.

"ಅವನು ಹೇಳುತ್ತಾನೆ ಎಂದು ಎರಡು ದಿನ ಕಾದೆ," ಕೈಗಳ ಹಿಂದಿನಿಂದ ಮೇಷ್ಟ್ರು ಹೇಳಿದರು. "ಹೇಳಲಿಲ್ಲ. ಅವನು ಹೇಳದೆ ಇದ್ದದ್ದು ನನಗೆ ಅನುಕೂಲವಾಯಿತು. ಪುಸ್ತಕ ಮುಗಿಯಲಿ, ಆಮೇಲೆ ಹೋಗಿ ಹೇಳುತ್ತೇನೆ ಅಂದುಕೊಂಡೆ. ನಲವತ್ತು ವರ್ಷದ ಕೆಲಸ ಹೊನ್ನಪ್ಪ."

"ನನ್ ಸೀಮೆಹಸು ಕರು ಆಕೋವಾಗ ನಾನೂ ಇಂಗೇ ಒಂದಿವ್ಸ ರಜಾ ಕೇಳಿದ್ದೆ," ಹೊನ್ನಪ್ಪ ಹೇಳಿದ. "ಸಾಹೇಬ್ರು ಕೊಡ್ಲಿಲ್ಲ. ಕರು ಅಡ್ಡ ಬಂದು ಸತ್ತೋಯ್ತು. ಅದೂ ಒಂದು ಜೀವವೇಯ. ಆದ್ರೂ ನಾನು ಯಾರ್ನೂ ಜೈಲಿಗಾಕ್ಲಿಲ್ಲ." ಅವನು ಬಾಗಿಲ ಹಿಂದಿನ ತುಕ್ಕಿನ ಗೀರು ತೋರಿಸಿದ. "ನೀವು ಪುಸ್ತಕಕ್ಕೆ ಸುಮ್ಕಿರ್ಲಿಲ್ಲ ಮೇಷ್ಟ್ರೆ. ಹಿಡಿ ಹೋಗಿದ್ದು ಈ ಮನೆಯಿಂದ. ಅದ್ಕೆ ಸುಮ್ಕಿದ್ರಿ."

ಮೇಷ್ಟ್ರು ಇಲ್ಲ ಅನ್ನಲಿಲ್ಲ.

"ನಿಮ್ಮ ಮಗ ಸಂತೋಷ ಎಲ್ಲಿ?"

"ಕೆ.ಆರ್. ಪೇಟೆಯಲ್ಲಿ. ಸೊಸೆ ಸುನಿತಾ ಒಂದು ತಿಂಗಳಿಂದ ತವರಲ್ಲಿದ್ದಾಳೆ, ಬಾಣಂತನಕ್ಕೆ. ನೋಡಿಕೊಂಡು ಬರುತ್ತೇನೆ ಅಂತ ಹೋದ."

"ಯಾವತ್ತು ಹೋದ?"

"ಹದಿನೈದನೇ ತಾರೀಕು."

"ಮಾರನೇ ದಿನ." ಹೊನ್ನಪ್ಪ ತಲೆಯಾಡಿಸಿದ. "ಮೋರಿಯಿಂದ ಕೆಳಕ್ಕೆ ನಿಮ್ದು ಎರಡೆಕರೆ ಕಬ್ಬೈತೆ ಅಲ್ವಾ. ಬಾಡ್ತಾ ಇತ್ತು. ನೀರಿನ ಸರದಿ ಬರೋಕೆ ಇನ್ನೂ ಆರ್ ದಿನ ಇತ್ತು."

"ಸಂತೋಷ ಅವತ್ತು ಮನೆಯೊಳಗೆ ಬರಲೇ ಇಲ್ಲ. ದೇವರಾಣೆ. ಬೆಳಿಗ್ಗೆ ಟ್ರಾಕ್ಟರು ತೆಗೆದುಕೊಂಡು ಹೋದವನು ಸಂಜೆಗೇ ಬಂದದ್ದು."

"ಅಂಗಾದ್ರೆ ಬಾಗ್ಲ ಹಿಂದ್ಲ ಹಿಡಿ ತಾನಾಗೇ ನಡ್ಕೊಂಡೋಯ್ತಾ? ನೀವ್ ಬಚ್ಚಲಲ್ಲಿದ್ದಾಗ ಈ ನಡುಮನೇಲಿ ಯಾರಿದ್ರು?"

ಮೇಷ್ಟ್ರು ಕೈ ಕೆಳಗಿಳಿಸಿ ಚೈತ್ರಳನ್ನು ನೋಡಿದರು. ಹೊನ್ನಪ್ಪನೂ ನೋಡಿದ.

"ನಾನಿದ್ದೆ," ಅಂದಳು ಚೈತ್ರ.

ಅವಳ ಮೇಜು ಕಿಟಕಿಗೆ ಎದುರಾಗಿತ್ತು, ಬಾಗಿಲಿಗೆ ಬೆನ್ನಾಗಿತ್ತು. ಕೂತ ಮೊದಲ ದಿನವೇ ಮೇಷ್ಟ್ರು ಹೇಳಿಕೊಟ್ಟಿದ್ದರು: ಸಾಲು ಮುಗಿಯುವವರೆಗೆ ತಲೆ ಎತ್ತಬಾರದು, ಯಾರು ಬಂದರೂ ತಿರುಗಬಾರದು, ತಿರುಗಿದರೆ ನಿಬ್ಬು ಜಾರುತ್ತದೆ. ನಾಲ್ಕು ವರ್ಷದಲ್ಲಿ ಅವಳು ಒಂದು ಸಲವೂ ತಿರುಗಿರಲಿಲ್ಲ. ಅದು ಅವಳ ಹೆಮ್ಮೆಯಾಗಿತ್ತು.

"ಯಾರ್ನ ಕಂಡೆ?"

"ಕಾಣ್ಲಿಲ್ಲ ಸಾ. ತಿರುಗಿ ನೋಡ್ಲಿಲ್ಲ."

"ಒಂದ್ಸತಿನೂ?"

"ಸಾಲು ಮುಗ್ದಿರ್ಲಿಲ್ಲ."

ಹೊನ್ನಪ್ಪ ಉಸಿರು ಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಕತ್ತು ಒಂದು ಗೇಣು ತಿರುಗಿಸಿದ್ದರೆ ಅಪ್ಪ ಇವತ್ತು ಮನೆಯ ಜಗುಲಿಯ ಮೇಲೆ ಕೂತು ಬೀಡಿ ಸೇದುತ್ತಿರುತ್ತಿದ್ದ.

"ಕಣ್ಣು ಬ್ಯಾಡ ಬುಡು," ಹೊನ್ನಪ್ಪ ಮೆಲ್ಲಗೆ ಹೇಳಿದ. "ಕಿವಿ ಎಲ್ಲೂ ತಿರುಗಬೇಕಾಗಿಲ್ಲ. ಏನ್ ಕೇಳುಸ್ತು? ಗ್ಯಾಪ್ಕ ಮಾಡ್ಕೊ. ಆತುರ ಇಲ್ಲ."

ಚೈತ್ರ ಕಣ್ಣು ಮುಚ್ಚಿದಳು. ಆ ಮಧ್ಯಾಹ್ನ. ಬಚ್ಚಲಿನಲ್ಲಿ ಚೆಂಬಿನ ಸದ್ದು. ಕಿಟಕಿಯಾಚೆ ಬಿಸಿಲು. ಎದುರಿನ ಹಾಳೆಯಲ್ಲಿ ಫಿಲ್ಟ್ರಮ್, ಮೂಗಿಗೂ ಮೇಲ್ದುಟಿಗೂ ನಡುವಿನ ತಗ್ಗು. ಬಳಕೆಯ ಸಾಲು ಅರ್ಧಕ್ಕೆ ಬಂದಿತ್ತು. ಹಿಂದೆ ಬಾಗಿಲು ಕಿರುಗುಟ್ಟಿತು. ಚಪ್ಪಲಿಯ ಸದ್ದು ಬರಲಿಲ್ಲ. ಹೊರಗಿನಿಂದ ಬಂದವರಾದರೆ ಅಂಗಳದ ಜಲ್ಲಿಯ ಮೇಲೆ ಹೆಜ್ಜೆ ಕೇಳುತ್ತಿತ್ತು, ಅದೂ ಕೇಳಿರಲಿಲ್ಲ. ಒಳಗಿನಿಂದ ಬಂದ ಬರಿಗಾಲು. ಆಮೇಲೆ ಕಬ್ಬಿಣ ನೆಲದ ಕಲ್ಲಿಗೆ ತಗುಲಿದ ಸದ್ದು. ಅದರ ಜೊತೆಯಲ್ಲೇ ಇನ್ನೊಂದು ಸದ್ದು, ಸಣ್ಣದು, ಆ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವಂಥದ್ದು. ಅದಕ್ಕೇ ಇಷ್ಟು ದಿನ ಅವಳ ನೆನಪಿಗೆ ಬಂದಿರಲಿಲ್ಲ.

ಗಾಜಿನ ಬಳೆ ಕಬ್ಬಿಣಕ್ಕೆ ತಾಗಿದ ಸದ್ದು.

ಅವಳು ಕಣ್ಣು ತೆರೆದಳು. ಅಡುಗೆಮನೆಯ ಬಾಗಿಲಲ್ಲಿ ಪುಟ್ಟಗೌರಮ್ಮ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಂಗೈ ಮೇಲೆ ರಾಗಿಯ ಹೊಟ್ಟು ಮೆತ್ತಿಕೊಂಡಿತ್ತು, ಹಸಿರು ಬಳೆಗಳ ಮೇಲೂ ಮೆತ್ತಿಕೊಂಡಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು.

ಸೊಸೆ ತವರಿಗೆ ಹೋಗಿ ತಿಂಗಳಾಗಿತ್ತು. ಆ ಮನೆಯಲ್ಲಿ ಬಳೆ ತೊಟ್ಟ ಕೈ ಬೇರೆ ಇರಲಿಲ್ಲ. ಚೈತ್ರಳ ಕೈಯಲ್ಲಿ ಬಳೆಯಿರಲಿಲ್ಲ. ಬರೆಯುವಾಗ ಅಡ್ಡ ಬರುತ್ತದೆಂದು ತೆಗೆದಿಟ್ಟಿದ್ದಳು.

ನಾಲ್ಕು ವರ್ಷದಲ್ಲಿ ಚೈತ್ರ ತಾನಾಗಿ ಅವರನ್ನು ಮಾತಾಡಿಸಿದವಳಲ್ಲ. ಅವರು ಕಾಫಿ ತಂದಿಟ್ಟರೆ ತಲೆ ತಗ್ಗಿಸಿ ಕುಡಿದು, ಲೋಟ ತೊಳೆದು ಇಡುತ್ತಿದ್ದಳು. ನಡುಮನೆಗೆ ಬಿಟ್ಟುಕೊಂಡದ್ದು ಮೇಷ್ಟ್ರೇ ಆದರೂ, ಬೇಡ ಅನ್ನದೆ ಇದ್ದವರು ಈ ಹೆಂಗಸು. ಹೋದ ವರ್ಷ ಜ್ವರ ಬಂದಾಗ ಗಂಜಿ ಕಳಿಸಿದವರು. ಕುಳ್ಳಯ್ಯನ ಹೆಂಡತಿಗೆ ಹನ್ನೊಂದು ದಿನದಿಂದ ದಿನವೂ ಮುದ್ದೆ ಸಾರು ಕಳಿಸುತ್ತಿದ್ದವರೂ ಇವರೇ. ಅದನ್ನು ಊರೆಲ್ಲ ಹೊಗಳುತ್ತಿತ್ತು.

"ಏನವ್ವ ಅದು?" ಹೊನ್ನಪ್ಪ ಕೇಳಿದ. "ಏನ್ ಕೇಳುಸ್ತು ಯೋಳು."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು, ಆಮೇಲೆ ಚೈತ್ರಳ ಕಡೆ.

ಚೈತ್ರ ಹೊನ್ನಪ್ಪನನ್ನು ದಾಟಿಕೊಂಡು ಅಡುಗೆಮನೆಯ ಬಾಗಿಲ ಹತ್ತಿರ ಹೋದಳು. ಹೊಸಿಲಿನ ಈಚೆ ನಿಂತಳು. ಸಿಟ್ಟು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ.

"ಅಮ್ಮಾರೆ," ಅಂದಳು, "ಸೋಮವಾರ ನಮ್ಮಪ್ಪನ್ನ ಕೋರ್ಟಿಗೆ ಕರ್ಕೊಂಡೋಗ್ತಾರೆ. ಆ ಹಿಡೀನ ಯಾರ ಕೈಗೆ ಕೊಟ್ರಿ ಅಂತ ಯೋಳಿ."

ಪುಟ್ಟಗೌರಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ನೆಲ ನೋಡಿದರು. ಹೊನ್ನಪ್ಪ ನೋಟ್‌ಬುಕ್ಕು ತೆಗೆದು ಮತ್ತೆ ಬೆಂಚಿನ ಮೇಲೆ ಕೂತು, ಅದನ್ನು ಮಂಡಿಯ ಮೇಲಿಟ್ಟುಕೊಂಡು ಕಾದ.

ಪುಟ್ಟಗೌರಮ್ಮ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿ, ಹಿತ್ತಲ ಬಾಗಿಲ ಕಡೆ, ಸಂತೋಷನ ಟ್ರಾಕ್ಟರು ನಿಲ್ಲುವ ಜಾಗದ ಕಡೆ ನೋಡಿದರು.